ಆರು ವರ್ಷವಾದರೂ ಹೊಂಗೆ ಹೂ ಬಿಟ್ಟಿಲ್ಲ: ತೆಗೆಯಲಾ, ಇಟ್ಕೊಳ್ಳಲಾ?

ಪ್ರಶ್ನೆ: ಹೊಸದುರ್ಗ ತಾಲ್ಲೂಕಿನಲ್ಲಿ ನಮ್ಮದು ಎಂಟು ಎಕರೆ ಜಮೀನು. ಎಣ್ಣೆ ಬೀಜ ಮಾರಬಹುದು ಅಂತ ಆರು ವರ್ಷದ ಹಿಂದೆ ಬದುವಿನ ಮೇಲೆ 120 ಹೊಂಗೆ ಹಾಕಿದೆ. ಎಲ್ಲವೂ ಬೀಜದಿಂದ ಎಬ್ಬಿಸಿದ ಸಸಿಗಳು, ಚೆನ್ನಾಗಿ ಬೆಳೆದಿವೆ. ಆದರೆ ಈ ವರ್ಷ ಹೂ ಬಿಟ್ಟಿದ್ದು ಹನ್ನೊಂದೇ. ಬಾವಿ ಪಕ್ಕ ನಮ್ಮಜ್ಜನ ಕಾಲದ ಒಂದು ಮರ ಇದೆ, ಅದು ಮಾತ್ರ ಪ್ರತಿ ವರ್ಷ ಮೈತುಂಬ ಹೂ ಬಿಡುತ್ತೆ. ಬಿಎಸ್ಸಿ ಅಗ್ರಿ ಓದುತ್ತಿರುವ ಮಗಳು "ಅದು ಎಫ್‌ಟಿ ಅನ್ನೋ ಜೀನಿನ ಕೆಲಸ ಅಪ್ಪಾ" ಅಂತಾಳೆ. ಪಕ್ಕದ ಜಮೀನಿನವರು "ಇದನ್ನೆಲ್ಲ ಕಿತ್ತು ಬಾಯ್ಲರ್ ಸೌದೆಗೆ ಆಗೋ ಮರ ಹಾಕು, ಹೂ ಬಿಡದ ತಳಿ ಸಿಕ್ಕರೆ ಕಟ್ಟಿಗೆ ಜಾಸ್ತಿ ಬರುತ್ತೆ" ಅಂತಾರೆ. ಬೇಗ ಹೂ ಬರುವ ಹಾಗೆ ಔಷಧ ಏನಾದರೂ ಇದೆಯಾ ಸರ್?

ಉತ್ತರ: ಮೊದಲು ಒಂದು ಮಾತು. ಕೀಳಬೇಡಿ. ನಿಮ್ಮ 109 ಮರಗಳಿಗೆ ರೋಗವೂ ಇಲ್ಲ, ಬಂಜೆತನವೂ ಇಲ್ಲ. ಅವು ಇನ್ನೂ ಮಕ್ಕಳು, ಅಷ್ಟೇ. ಬೀಜದಿಂದ ಬಂದ ಹೊಂಗೆ ಮೊದಲ ಹೂ ಬಿಡೋಕೆ ಸಾಮಾನ್ಯವಾಗಿ ನಾಲ್ಕರಿಂದ ಏಳು ವರ್ಷ ತಗೊಳ್ಳುತ್ತೆ. ಬಡ ನೆಲ, ಕಮ್ಮಿ ಮಳೆ ಇದ್ದ ಕಡೆ ಇನ್ನೂ ಒಂದೆರಡು ವರ್ಷ ಹಿಂದೆ ಬೀಳಬಹುದು. ಆರನೇ ವರ್ಷಕ್ಕೆ ಹನ್ನೊಂದು ಮರ ಹೂ ಬಿಟ್ಟಿವೆ ಅಂದರೆ ನನಗೆ ಆಶ್ಚರ್ಯ ಆಗಲಿಲ್ಲ. ಉಳಿದವು ಯಾಕೆ ಬಿಟ್ಟಿಲ್ಲ ಅನ್ನುವುದಕ್ಕಿಂತ ಆ ಹನ್ನೊಂದು ಯಾಕೆ ಬಿಟ್ಟವು ಅನ್ನುವುದೇ ಹೆಚ್ಚು ಕೆಲಸಕ್ಕೆ ಬರುವ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಮಗಳು ಹೇಳಿದ್ದು ಸರಿ. ಆದರೆ ಅದು ಅರ್ಧ ಕಥೆ. ಉಳಿದರ್ಧ ನಿಮಗೆ ಆಗಲೇ ಗೊತ್ತು. ಹೇಗೆ ಅಂತೀರಾ? ನಿಮ್ಮ ಸುತ್ತಮುತ್ತ ದಾಳಿಂಬೆ ತೋಟ ಇದ್ದೇ ಇರುತ್ತೆ. ಅವರು ಬಹಾರ್ ಮಾಡುವುದನ್ನು ನೋಡಿದ್ದೀರಿ. ನೀರು ನಿಲ್ಲಿಸುತ್ತಾರೆ, ಎಲೆ ಉದುರಿಸುತ್ತಾರೆ, ಆಮೇಲೆ ಗೊಬ್ಬರ ಕೊಟ್ಟು ನೀರು ಬಿಡುತ್ತಾರೆ. ಗಿಡ ಚಿಗುರಿನ ಜೊತೆಗೇ ಹೂ ತರುತ್ತೆ. ಇದೇ ಬಹಾರನ್ನು ಮೊನ್ನೆ ನೆಟ್ಟ ದಾಳಿಂಬೆ ಸಸಿಗೆ ಮಾಡಿ ನೋಡಿ. ಎಲೆ ಉದುರುತ್ತೆ, ಚಿಗುರು ಬರುತ್ತೆ, ಬೆಳೆ ಬರಲ್ಲ. ಯಾಕೆಂದರೆ ಹೂವಿಗೆ ಎರಡು ಅಪ್ಪಣೆ ಬೇಕು. ಒಂದು, ಗಿಡಕ್ಕೆ ವಯಸ್ಸಾಗಿರಬೇಕು. ಇನ್ನೊಂದು, ಕಾಲ ಕೂಡಿ ಬರಬೇಕು. ಬಹಾರ್ ಅನ್ನುವುದು ಕಾಲವನ್ನು ನಾವೇ ತಂದುಕೊಡುವ ಉಪಾಯ. ಅದು ವಯಸ್ಸನ್ನು ತರಲ್ಲ. ನಿಮ್ಮ ಬಾವಿ ಪಕ್ಕದ ಮರಕ್ಕೆ ಎರಡೂ ಇದೆ. ಬದುವಿನ ಮರಗಳಿಗೆ ಕಾಲ ಬಂದಿದೆ, ವಯಸ್ಸು ಬಂದಿಲ್ಲ.

ಈಗ ಜೀನಿನ ಕಥೆ. ಕಾಲ ತಿಳಿಯುವುದು ಎಲೆಗೆ. ನಾಟಿ ಅವರೆ ನೆನಪು ಮಾಡಿಕೊಳ್ಳಿ. ನಮ್ಮಜ್ಜಿಯರ ಕಾಲದ ಅವರೆ ಯಾವಾಗ ಬಿತ್ತಿದರೂ ಹಗಲು ಕಿರಿದಾಗುವ ತನಕ ಸುಮ್ನೆ ಬಳ್ಳಿ ಹರಿಯುತ್ತಿತ್ತು, ಚಳಿಗಾಲಕ್ಕೇ ಹೂ. ಆಮೇಲೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಬಂದವು. ಅವಕ್ಕೆ ಹಗಲಿನ ಲೆಕ್ಕವೇ ಬೇಡ. ಅದಕ್ಕೇ ಈಗ ವರ್ಷವಿಡೀ ಸಂತೆಯಲ್ಲಿ ಅವರೆಕಾಯಿ. ಗಿಡ ಹಗಲಿನ ಉದ್ದ ಅಳೆಯುತ್ತೆ ಅಂತ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲೇ ತಂಬಾಕು, ಸೋಯಾ ಇಟ್ಟುಕೊಂಡು ತೋರಿಸಿದ್ದರು. ಅಳೆಯುವುದು ಎಲೆ, ಹೂ ಬಿಡುವುದು ಕುಡಿ. ಹಾಗಿದ್ದರೆ ಎಲೆಯಿಂದ ಕುಡಿಗೆ ಏನೋ ಒಂದು ಹೋಗಬೇಕಲ್ಲ? ರಷ್ಯಾದ ಚೈಲಾಖ್ಯಾನ್ 1930ರ ದಶಕದಲ್ಲಿ ಅದಕ್ಕೆ ಫ್ಲೋರಿಜೆನ್ ಅಂತ ಹೆಸರಿಟ್ಟರು. ಹೆಸರು ಸಿಕ್ಕಿತು, ವಸ್ತು ಸಿಗಲಿಲ್ಲ. ಸುಮಾರು ಎಪ್ಪತ್ತು ವರ್ಷ ಜನ ಎಲೆ ಅರೆದು, ಸೋಸಿ ಹುಡುಕಿದರು.

ಕೊನೆಗೆ ಸಿಕ್ಕಿದ್ದು ಸಾಸಿವೆ ಕುಲದ ಒಂದು ಪುಟ್ಟ ಕಳೆ ಗಿಡದಲ್ಲಿ. ಅರಬಿಡಾಪ್ಸಿಸ್ ಅಂತ ಅದರ ಹೆಸರು, ಗೇಣುದ್ದ ಇರುತ್ತೆ. 1999ರಲ್ಲಿ ಅದರಲ್ಲಿ ಎಫ್‌ಟಿ ಜೀನನ್ನು ಬೇರೆ ಮಾಡಿ ಗುರುತಿಸಿದರು. ಆ ಜೀನ್ ಎಲೆಯ ನಾಳದಲ್ಲಿ ಒಂದು ಸಣ್ಣ ಪ್ರೋಟೀನ್ ಮಾಡುತ್ತೆ. ಎಲೆ ಮಾಡಿದ ಸಕ್ಕರೆ ಹರಿಯುವ ದಾರಿಯಲ್ಲೇ ಅದು ಕುಡಿಗೆ ಸೇರುತ್ತೆ. 2007ರಲ್ಲಿ ಅರಬಿಡಾಪ್ಸಿಸ್ ಮತ್ತು ಭತ್ತ ಎರಡರಲ್ಲೂ ಇದು ಖಚಿತವಾಯಿತು. ಕುಡಿ ಮುಟ್ಟಿದ ಎಫ್‌ಟಿ ಅಲ್ಲಿರುವ ಎಫ್‌ಡಿ ಅನ್ನುವ ಇನ್ನೊಂದು ಪ್ರೋಟೀನಿನ ಜೊತೆ ಸೇರುತ್ತೆ. ಇಬ್ಬರೂ ಸೇರಿ ಹೂವಿನ ಜೀನುಗಳನ್ನು ಎಬ್ಬಿಸುತ್ತಾರೆ. ಎಲೆ ಆಗಬೇಕಿದ್ದ ಮೊಗ್ಗು ಹೂವಾಗಿಬಿಡುತ್ತೆ.

ಈ ಎಫ್‌ಟಿಗೊಬ್ಬ ದಾಯಾದಿ ಇದ್ದಾನೆ. ಹೆಸರು ಟಿಎಫ್‌ಎಲ್1. ಒಂದೇ ಮನೆತನ, ನೋಡೋಕೂ ಹಾಗೇ. ಆದರೆ ಕೆಲಸ ಪೂರಾ ಉಲ್ಟಾ. ಇವನೂ ಕುಡಿಯಲ್ಲೇ ಕೂತು ಅದೇ ಎಫ್‌ಡಿಯ ಕೈ ಹಿಡಿಯೋಕೆ ನೋಡುತ್ತಾನೆ, ಎಫ್‌ಟಿಗೆ ಜಾಗ ಬಿಡಲ್ಲ. ಇವನ ಕೈ ಮೇಲಾದರೆ ಕುಡಿ ಬೆಳೆಯುತ್ತಲೇ ಇರುತ್ತೆ, ಹೂ ಇಲ್ಲ. ಇಬ್ಬರ ನಡುವೆ ಎಷ್ಟು ಅಂತರ ಗೊತ್ತಾ? ಟಿಎಫ್‌ಎಲ್1ರಲ್ಲಿ ಒಂದೇ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಸರದ ಒಂದು ಮಣಿ, ಬದಲಿಸಿದರೆ ಅವನು ಎಫ್‌ಟಿ ಥರ ನಡೆದುಕೊಳ್ಳುತ್ತಾನೆ ಅಂತ 2005ರಲ್ಲಿ ತೋರಿಸಿದರು. ತಡೆಯುವವನು ತಳ್ಳುವವನಾದ. ನಾನು ಈ ವಿಷಯ ಮೊದಲ ಸಲ ಓದಿದಾಗ ಎರಡು ಸಲ ಓದಿದೆ.

ಇನ್ನು ವಯಸ್ಸು. ಮರ ತನ್ನ ವಯಸ್ಸನ್ನು ಹೇಗೆ ನೆನಪಿಟ್ಟುಕೊಳ್ಳುತ್ತೆ? ಸಸಿಯಲ್ಲಿ ಒಂದು ಪುಟಾಣಿ ಆರ್‌ಎನ್‌ಎ ತುಂಬಿರುತ್ತೆ, ಅದಕ್ಕೆ ಮೈಕ್ರೋ ಆರ್‌ಎನ್‌ಎ 156 ಅನ್ನುತ್ತಾರೆ. ಅದು ಎಸ್‌ಪಿಎಲ್ ಅನ್ನುವ ಜೀನುಗಳ ಬಾಯಿ ಮುಚ್ಚಿಸಿರುತ್ತೆ. ಗಿಡ ಬೆಳೆದ ಹಾಗೆ 156 ಇಳಿಯುತ್ತೆ, ಎಸ್‌ಪಿಎಲ್ ಬಾಯಿ ತೆರೆಯುತ್ತೆ. ಆಮೇಲೇ ಗಿಡ ದೊಡ್ಡವರ ಸಾಲಿಗೆ ಸೇರುವುದು. ಪಾಪ್ಲರ್, ನೀಲಗಿರಿ, ಅಕೇಶಿಯಾ, ಓಕ್ ಮರಗಳಲ್ಲೂ ಇದೇ ಲೆಕ್ಕ ಅಂತ 2011ರಲ್ಲಿ ಗೊತ್ತಾಯಿತು. ಕಣ್ಣಾರೆ ನೋಡಬೇಕಾ? ಊಟಿ ಕಡೆ ಹೋದಾಗ ಅಲ್ಲಿನ ದೊಡ್ಡ ನೀಲಗಿರಿ ಮರ ನೋಡಿ. ಎಳೆ ಸಸಿಯ ಎಲೆ ಅಗಲ, ಬೂದಿ ಬಳಿದ ಹಾಗೆ, ಎದುರುಬದುರು ಜೋಡಿ. ದೊಡ್ಡ ಮರದ ಎಲೆ ಕುಡುಗೋಲಿನ ಹಾಗೆ ಉದ್ದ. ಎರಡೂ ಒಂದೇ ಮರದ ಎಲೆ ಅಂದರೆ ನಂಬೋಕಾಗಲ್ಲ. ಹೊಂಗೆಯಲ್ಲಿ ಇಷ್ಟು ಎದ್ದು ಕಾಣುವ ವ್ಯತ್ಯಾಸ ಇಲ್ಲ. ಅದಕ್ಕೇ ಆಳೆತ್ತರ ದಾಟಿದ ಗಿಡ ನೋಡಿ ನಾವು "ದೊಡ್ಡದಾಯ್ತು" ಅಂದುಕೊಳ್ಳುತ್ತೇವೆ. ಎತ್ತರ ಬೇರೆ, ವಯಸ್ಸಿಗೆ ಬರುವುದು ಬೇರೆ.

ಸೌದೆಗಾಗಿ ಬೆಳೆಸುವ ಮರಗಳಲ್ಲಿ ಹೂವಿನ ಜೀನಿನ ಈ ಸಂಶೋಧನೆ ಅತಿ ಹೆಚ್ಚು ನಡೆದಿರುವುದು ಪಾಪ್ಲರ್‌ನಲ್ಲಿ. ಯೂರೋಪಿನಲ್ಲಿ ಅದನ್ನೂ ವಿಲ್ಲೋವನ್ನೂ ಒತ್ತಾಗಿ ನೆಟ್ಟು, ಕೆಲವೇ ವರ್ಷಕ್ಕೊಮ್ಮೆ ಬುಡಕ್ಕೆ ಕತ್ತರಿಸಿ ಚೂರು ಮಾಡಿ ಉರಿಸುತ್ತಾರೆ. ನಮ್ಮ ದೇಶದಲ್ಲಿ ಪಂಜಾಬ್, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶದ ಹೊಲಗಳಲ್ಲಿ ಪ್ಲೈವುಡ್‌ಗೆ ಬೆಳೆಯುತ್ತಾರೆ, ನಮ್ಮ ಕಡೆ ಇಲ್ಲ. ಮರಗಳಲ್ಲಿ ಮೊದಲು ಪೂರ್ತಿ ಜೀನೋಮ್, ಅಂದರೆ ಎಲ್ಲ ಜೀನುಗಳ ಒಟ್ಟು ಬರಹ, ಓದಿದ್ದೂ ಇದರದ್ದೇ, 2006ರಲ್ಲಿ. ನೀಲಗಿರಿಯದ್ದು 2014ರಲ್ಲಿ ಬಂತು.

ಪಾಪ್ಲರ್ ಜಾತಿಯ ಆಸ್ಪೆನ್ ಮರ ಹೂ ಬಿಡೋಕೆ ಎಂಟರಿಂದ ಇಪ್ಪತ್ತು ವರ್ಷ ತಗೊಳ್ಳುತ್ತೆ. 1995ರಲ್ಲಿ ವೈಗೆಲ್ ಮತ್ತು ನಿಲ್ಸನ್ ಅನ್ನುವ ಇಬ್ಬರು ಅರಬಿಡಾಪ್ಸಿಸ್‌ನ ಲೀಫಿ ಅನ್ನುವ, ಮೊಗ್ಗನ್ನು ಹೂವಾಗಿಸುವ ಜೀನನ್ನು ಅದಕ್ಕೆ ಸೇರಿಸಿದರು. ಕೆಲವೇ ತಿಂಗಳಲ್ಲಿ ಹೂ! 2006ರಲ್ಲಿ ಸ್ವೀಡನ್ನಿನ ಉಮಿಯೋದಲ್ಲಿ ನಿಲ್ಸನ್ ತಂಡವೇ ಇನ್ನೊಂದು ವಿಷಯ ಕಂಡುಹಿಡಿಯಿತು. ಎಫ್‌ಟಿ ಹೂವಿಗೆ ಮಾತ್ರ ಅಲ್ಲ, ಚಳಿಗಾಲ ಬರುವ ಮೊದಲು ಬೆಳವಣಿಗೆ ನಿಲ್ಲಿಸುವ ಲೆಕ್ಕವೂ ಅದರದ್ದೇ. ಹಗಲು ಉದ್ದ ಇರುವ ತನಕ ಎಫ್‌ಟಿ ಇರುತ್ತೆ, ಮರ ಬೆಳೆಯುತ್ತೆ. ಹಗಲು ಒಂದು ಮಿತಿಗಿಂತ ಕಿರಿದಾದರೆ ಎಫ್‌ಟಿ ಬೀಳುತ್ತೆ, ಕುಡಿ ಮುಚ್ಚಿಕೊಳ್ಳುತ್ತೆ. 2011ರಲ್ಲಿ ಇನ್ನೂ ಸ್ಪಷ್ಟವಾಯಿತು: ಪಾಪ್ಲರ್‌ನಲ್ಲಿ ಈ ಜೀನಿನ ಎರಡು ಪ್ರತಿಗಳಿವೆ, ಎರಡೂ ಕೆಲಸ ಹಂಚಿಕೊಂಡಿವೆ. ಎಫ್‌ಟಿ1 ಚಳಿಗಾಲದ ಥಂಡಿಯಲ್ಲಿ ಎದ್ದು ಮುಂದಿನ ಹೂವಿಗೆ ಅಪ್ಪಣೆ ಕೊಡುತ್ತೆ. ಎಫ್‌ಟಿ2 ಬೇಸಿಗೆಯ ಬೆಚ್ಚನೆ ದೀರ್ಘ ಹಗಲಲ್ಲಿ ಎದ್ದು ಮರವನ್ನು ಬೆಳೆಸುತ್ತೆ. ಅಣ್ಣ ತಮ್ಮ ಹೊಲ ಪಾಲು ಮಾಡಿಕೊಂಡ ಹಾಗೆ.

ಹಾಗಂತ ಇದನ್ನು ತಂದು ಹೊಸದುರ್ಗದ ಹೊಂಗೆಗೆ ಹಾಗೇ ಹೊಂದಿಸೋಕೆ ಹೋಗಬೇಡಿ ಅಂತ ನಿಮ್ಮ ಮಗಳಿಗೆ ಹೇಳಿ. ಉಮಿಯೋದಲ್ಲಿ ಜೂನ್ ತಿಂಗಳ ಹಗಲು ಇಪ್ಪತ್ತು ಗಂಟೆಗೂ ಜಾಸ್ತಿ, ಡಿಸೆಂಬರಿನಲ್ಲಿ ಐದು ಗಂಟೆಯೂ ಇಲ್ಲ. ಚಿತ್ರದುರ್ಗ ಇರುವುದು 14 ಡಿಗ್ರಿ ಉತ್ತರದಲ್ಲಿ. ನಮ್ಮ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಎರಡು ಗಂಟೆಯಷ್ಟೂ ವ್ಯತ್ಯಾಸ ಇಲ್ಲ. ಹಿಮದ ಚಳಿಯಂತೂ ಕನಸು. ನಮ್ಮ ಹೊಂಗೆ ಬೇಸಿಗೆಗೆ ಮುಂಚೆ ಎಲೆ ಉದುರಿಸಿ, ಯುಗಾದಿ ಆಸುಪಾಸಿಗೆ ಹೊಳೆಯುವ ಎಳೆ ಹಸಿರು ಚಿಗುರು ತಂದು, ಆ ಚಿಗುರಿನ ಕಂಕುಳಲ್ಲೇ ಹೂಗೊಂಚಲು ಬಿಡುವ ಮರ. ಆಳದ ಬೇರಿನ ನೀರು, ಎಲೆ ಉದುರುವ ಹೊತ್ತು, ಬಿಸಿ ಏರುವ ರೀತಿ ಇವೆಲ್ಲ ಅದಕ್ಕೆ ಮುಖ್ಯ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಹೊಂಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ತಂಡ ಹಗಲು ರಾತ್ರಿ ಲೆಕ್ಕ ಇಡುವ ಗಡಿಯಾರದ ಜೀನುಗಳನ್ನು ಹೊಂಗೆಯಲ್ಲೂ ಗುರುತಿಸಿದೆ. ಯಂತ್ರ ಒಂದೇ ಮನೆಯದು. ಅದನ್ನು ತಿರುಗಿಸುವ ಕೀಲಿ ಊರಿಂದ ಊರಿಗೆ ಬೇರೆ.

"ಹಾಗಾದರೆ ನಮ್ಮ ಹೊಂಗೆಗೂ ಜೀನ್ ಸೇರಿಸಬಹುದಲ್ವಾ?" ಅಂತ ನೀವು ಕೇಳಬಹುದು. ಪ್ರಯೋಗಶಾಲೆಯಲ್ಲಿ ಬೇರೆ ಮರಗಳಿಗೆ ಮಾಡಿದ್ದಾರೆ. ಅಮೆರಿಕದಲ್ಲಿ ಪಾಪ್ಲರ್‌ನ ಎಫ್‌ಟಿ1 ಜೀನನ್ನು ಪ್ಲಮ್ ಹಣ್ಣಿನ ಗಿಡಕ್ಕೆ ಸೇರಿಸಿದಾಗ ಅದು ಒಂದು ವರ್ಷದೊಳಗೇ ಹೂ ಬಿಟ್ಟು, ವರ್ಷವಿಡೀ ಬಿಡುತ್ತಲೇ ಇತ್ತು. ಆದರೆ ಅವರು ಮಾಡಿದ್ದು ರೈತರಿಗೆ ಆ ಗಿಡ ಕೊಡೋಕೆ ಅಲ್ಲ. ತಳಿ ಅಭಿವೃದ್ಧಿ ಬೇಗ ಆಗಲಿ ಅಂತ. ಹತ್ತು ವರ್ಷಕ್ಕೆ ಎರಡು ತಲೆಮಾರು ನೋಡುವ ಬದಲು ವರ್ಷಕ್ಕೊಂದು ತಲೆಮಾರು ನೋಡಬಹುದು. ಕೊನೆಯ ತಲೆಮಾರಿನಲ್ಲಿ ಸೇರಿಸಿದ ಜೀನ್ ಇಲ್ಲದ ಮರಿಗಳನ್ನು ಮಾತ್ರ ಆರಿಸಿಕೊಂಡರೆ ಆಯ್ತು. ಇದು ಜಾಣತನ. ಮರವನ್ನೇ ಎಫ್‌ಟಿ ತುಂಬಿಸಿ ಹೊಲಕ್ಕೆ ತಂದರೆ ಏನಾಗುತ್ತೆ? ಪಾಪ್ಲರ್‌ನಲ್ಲಿ ನೋಡಿದ್ದಾರೆ: ಎಳೆ ಗಿಡದಲ್ಲೇ ಹೂ, ಆದರೆ ಗಿಡ ಕುಳ್ಳ, ಸೊಟ್ಟ, ಬೆಳವಣಿಗೆಯೇ ಇಲ್ಲ. ಹಾಲು ಕುಡಿಯುವ ಮಗುವಿಗೆ ಮದುವೆ ಮಾಡಿದ ಹಾಗೆ. ಅದೂ ಅಲ್ಲದೆ ನಮ್ಮ ದೇಶದಲ್ಲಿ ಇಂಥ ಯಾವ ಮರಕ್ಕೂ ಒಪ್ಪಿಗೆ ಇಲ್ಲ. 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿ ಬಿಟ್ಟರೆ ಕುಲಾಂತರಿ ಬೆಳೆ ನಮ್ಮ ರೈತರ ಹೊಲದಲ್ಲಿ ಕಾನೂನುಬದ್ಧವಾಗಿ ನಿಂತಿಲ್ಲ. ಯಾರಾದರೂ "ಜೀನ್ ಮಾಡಿದ ಹೊಂಗೆ" ಅಂತ ಸಸಿ ಮಾರೋಕೆ ಬಂದರೆ ಮುಂದಿನ ಊರಿಗೆ ಕಳಿಸಿ.

ನಿಮಗೆ ಬೇಕಾದದ್ದು ಇದಕ್ಕಿಂತ ಹಳೇ ವಿದ್ಯೆ. ಕಸಿ.

ಕಸಿ ಅಂದರೆ ಒಳ್ಳೆ ಗುಣ ತರುವುದು ಅಂತ ಎಲ್ಲರಿಗೂ ಗೊತ್ತು. ಆದರೆ ಅದು ವಯಸ್ಸನ್ನೂ ತರುತ್ತೆ ಅನ್ನುವುದನ್ನು ಮರೆಯುತ್ತೇವೆ. ವಯಸ್ಸಿನ ನೆನಪು ಇರುವುದು ಬೇರಿನಲ್ಲಲ್ಲ, ಕುಡಿಯಲ್ಲಿ. ನಿಮ್ಮ ಬಾವಿ ಪಕ್ಕದ ಮರದ ಮೇಲಿನ ಕೊಂಬೆಯ ಕುಡಿಯಲ್ಲಿ 156 ಇಳಿದು ಎಷ್ಟೋ ವರ್ಷವಾಗಿದೆ. ಆ ಕಡ್ಡಿಯನ್ನು ಆರು ತಿಂಗಳ ಸಸಿಯ ಮೇಲೆ ಕೂರಿಸಿದರೂ ಕಡ್ಡಿ ತನ್ನ ವಯಸ್ಸು ಮರೆಯಲ್ಲ. ಬೇರು ಮಗು, ತಲೆ ಮುದುಕ. ಅದಕ್ಕೇ ಕಸಿ ಹೊಂಗೆ ಮೂರು ನಾಲ್ಕು ವರ್ಷಕ್ಕೇ ಕಾಯಿ ಕಚ್ಚುವುದು. ಆಗಲೂ ಮೊದಲ ಒಂದೆರಡು ವರ್ಷ ಹೂವಿಗಿಂತ ಮೈ ಬೆಳೆಸುವುದೇ ಒಳ್ಳೆಯದು. ಹೊರಲು ಕೊಂಬೆ ಬೇಕಲ್ಲ.

ಇಲ್ಲೊಂದು ಗುಂಡಿ ಇದೆ, ನಾನೇ ಅದಕ್ಕೆ ಬಿದ್ದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಜಗಳೂರು ಕಡೆ ಒಂದು ಅದ್ಭುತ ಹೊಂಗೆ ಮರ ಗುರುತು ಮಾಡಿದ್ದೆ. ಮರ ಹತ್ತೋಕೆ ಆಳು ಸಿಗಲಿಲ್ಲ. ಬುಡದಲ್ಲಿ ಸೊಗಸಾದ, ನೆಟ್ಟಗಿನ, ಪೆನ್ಸಿಲ್ ದಪ್ಪದ ಚಿಗುರುಗಳು ಎದ್ದಿದ್ದವು. ಅದೇ ಮರ ತಾನೇ ಅಂತ ಅವನ್ನೇ ಕೊಯ್ದು ತಂದು ಕಸಿ ಕಟ್ಟಿದೆ. ಗಿಡ ಚೆನ್ನಾಗಿ ಹಿಡಿದವು. ಹೂವಿಗೆ ಮಾತ್ರ ಬೀಜದ ಸಸಿಯಷ್ಟೇ ಕಾಯಿಸಿದವು. ಬುಡದ ಚಿಗುರು, ಬೇರಿನಿಂದ ಎದ್ದ ಮರಿ, ಇವು ವಯಸ್ಸಿನಲ್ಲಿ ಎಳೆಯವೇ. ಮರಕ್ಕೆ ನೂರು ವರ್ಷವಾಗಿದ್ದರೂ ಅದರ ಪಾದದ ಹತ್ತಿರ ಬಾಲ್ಯ ಉಳಿದಿರುತ್ತೆ. ಕಡ್ಡಿಯನ್ನು ಯಾವಾಗಲೂ ಮೇಲಿನ, ಬಿಸಿಲು ಬೀಳುವ, ಹಿಂದಿನ ವರ್ಷ ಹೂ ಬಿಟ್ಟ ಕೊಂಬೆಯಿಂದಲೇ ತೆಗೆಯಿರಿ. ನರ್ಸರಿಯಿಂದ ಕಸಿ ಸಸಿ ಕೊಳ್ಳುವಾಗಲೂ "ಕಡ್ಡಿ ಎಲ್ಲಿಂದ ತಂದ್ರಿ" ಅಂತ ಕೇಳಿ. ಉತ್ತರ ತಡವರಿಸಿದರೆ ಸಸಿ ಬಿಡಿ.

ಈಗ ಪಕ್ಕದ ಜಮೀನಿನವರ ಮಾತಿಗೆ ಬರೋಣ. ಹೂ ಬಿಡದ ಮರ ಕಟ್ಟಿಗೆ ಜಾಸ್ತಿ ಕೊಡುತ್ತೆ ಅನ್ನುವುದು ಕೇಳೋಕೆ ಸರಿ ಅನ್ನಿಸುತ್ತೆ. ಹೂವಿಗೆ, ಬೀಜಕ್ಕೆ ಹೋಗುವ ಸಕ್ಕರೆ ಕಾಂಡಕ್ಕೆ ಹೋಗಬೇಕಲ್ಲ? ಅಮೆರಿಕದ ಓರೆಗಾನ್‌ನಲ್ಲಿ ಲೀಫಿ ಜೀನನ್ನು ಅಡಗಿಸಿದ ಪಾಪ್ಲರ್‌ಗಳನ್ನು ವರ್ಷಗಟ್ಟಲೆ ಬಯಲಲ್ಲಿ ಬೆಳೆಸಿ ನೋಡಿದರು. ಬೀಜ ಕಟ್ಟುವ ಹೂ ಬರಲಿಲ್ಲ, ಬೆಳವಣಿಗೆಗೆ ಪೆಟ್ಟೂ ಬೀಳಲಿಲ್ಲ. ಆದರೆ ಕಟ್ಟಿಗೆ ರಾಶಿ ರಾಶಿ ಜಾಸ್ತಿಯೂ ಆಗಲಿಲ್ಲ. ಅವರು ಅದನ್ನು ಮಾಡಿದ್ದು ಬೇರೆ ಕಾರಣಕ್ಕೆ: ಕುಲಾಂತರಿ ಮರದ ಪರಾಗ, ಬೀಜ ಕಾಡಿಗೆ ಹರಡಬಾರದು ಅಂತ. ನೀಲಗಿರಿಯನ್ನು ನಾವು ಕಡಿಯುವುದೇ ಐದಾರು ವರ್ಷಕ್ಕೆ. ಅಷ್ಟರಲ್ಲಿ ಅದು ಬಿಡುವ ಹೂವಿನಿಂದ ಕಳೆದುಹೋಗುವ ಕಟ್ಟಿಗೆ ಎಷ್ಟು? ನನ್ನ ಲೆಕ್ಕದಲ್ಲಿ ನೆಡುವ ಅಂತರ, ನೀರು, ಒಳ್ಳೆ ಸಸಿ ಇವುಗಳ ಮುಂದೆ ಅದು ಏನೂ ಅಲ್ಲ. ಜೊತೆಗೆ ಹೂವೇ ಇಲ್ಲದ ತೋಪಿನಲ್ಲಿ ಜೇನು ಬದುಕಲ್ಲ. ನಿಮ್ಮ ಹೊಂಗೆಗೂ ಪಕ್ಕದವರ ಸೂರ್ಯಕಾಂತಿಗೂ ಜೇನು ಬೇಕೇ ಬೇಕು.

ನೀಲಗಿರಿ ಹಾಕುವ ಆಲೋಚನೆ ಇದ್ದರೆ ಇನ್ನೊಂದು ಮಾತು. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದ ಮರದ ತಿರುಳಿನ ಕಾರ್ಖಾನೆಗೆ ನಮ್ಮ ಭಾಗದಿಂದ ನೀಲಗಿರಿ ಲೋಡು ಹೋಗುವುದನ್ನು ನೋಡುತ್ತಲೇ ಬೆಳೆದವರು ನಾವು. ಆದರೆ ಅಂತರ್ಜಲದ ಕಾರಣಕ್ಕೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದಕ್ಕೆ ತಡೆ ಹಾಕುವ ಆದೇಶ ಹೊರಡಿಸಿತು. ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಕೈ ಹಾಕಬೇಡಿ. ಸೌದೆಯೇ ಬೇಕು ಅಂದರೆ ಅದು ಬೇರೆ ಲೆಕ್ಕ, ಬೇರೆ ಜಾಗ. ಇಲ್ಲಿ ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಬೇಕಾದದ್ದು ಉರಿ, ಹೂವಲ್ಲ. ಎಣ್ಣೆ ಗಾಣಕ್ಕೆ ಬೇಕಾದದ್ದು ಬೀಜ. ಒಂದೇ ಮರದಿಂದ ಎರಡನ್ನೂ ಕೇಳಿದರೆ ಎರಡೂ ಅರ್ಧರ್ಧ. ನೀವು ಬೀಜಕ್ಕೆ ಅಂತ ಹಾಕಿದ್ದೀರಿ, ಬೀಜಕ್ಕೇ ನಿಲ್ಲಿ. ಹೊಂಗೆ ಬೀಜದಲ್ಲಿ ಸುಮಾರು ಮೂರನೇ ಒಂದು ಭಾಗ ಎಣ್ಣೆ ಇದ್ದರೂ, ಗಾಣದಲ್ಲಿ ನಾಲ್ಕು ಕೆಜಿಗೆ ಒಂದು ಲೀಟರ್ ಅಂತ ಹಿಡಿಯಿರಿ. ಹಿಂಡಿ ನಿಮ್ಮ ಹೊಲಕ್ಕೇ ಗೊಬ್ಬರ.

ಔಷಧದ ವಿಷಯ. ಮಾವಿಗೆ ಹಾಕುವ ಕಲ್ತಾರ್ ಬಗ್ಗೆ ನೀವು ಕೇಳಿರುತ್ತೀರಿ. ಅದರ ಒಳಗಿರುವುದು ಪ್ಯಾಕ್ಲೋಬ್ಯುಟ್ರಜಾಲ್. ಗಿಡದೊಳಗೆ ಜಿಬ್ಬರೆಲಿನ್ ಅನ್ನುವ ಬೆಳವಣಿಗೆಯ ಹಾರ್ಮೋನು ತಯಾರಾಗುವುದನ್ನು ಅದು ತಡೆಯುತ್ತೆ. ಎಷ್ಟೋ ಮರಗಳಲ್ಲಿ ಜಿಬ್ಬರೆಲಿನ್ ಕಮ್ಮಿಯಾದರೆ ಕುಡಿ ಹೂವಿನ ಕಡೆ ತಿರುಗುತ್ತೆ. ಆಸ್ಟ್ರೇಲಿಯಾದಲ್ಲಿ ನೀಲಗಿರಿಯ ಬೀಜದ ತೋಟಗಳಲ್ಲಿ ಬೇಗ ಹೂ ಬರಲಿ ಅಂತ ಇದನ್ನು ಬಳಸುತ್ತಾರೆ. ಆದರೆ ಅದು ಮಣ್ಣಿನಲ್ಲಿ ಬಹಳ ದಿನ ಉಳಿಯುತ್ತೆ. ನಿಮ್ಮ ಮರ ಇರುವುದು ಬದುವಿನ ಮೇಲೆ, ಕೆಳಗೆ ನಿಮ್ಮ ರಾಗಿ, ಶೇಂಗಾ. ಅವೂ ಕುಳ್ಳಾಗಬೇಕಾ? ಹೊಂಗೆ ಬೀಜದ ಬೆಲೆಗೆ ಈ ಔಷಧದ ಖರ್ಚು ಹೊಂದುವುದೂ ಇಲ್ಲ. ಬೇಡ. ತೊಗಟೆ ಸುತ್ತ ಉಂಗುರ ಕೆತ್ತುವುದೂ ಬೇಡ. ಅದರಿಂದ ಕೆಲವೊಮ್ಮೆ ಹೂ ಬರುತ್ತೆ, ಕೆಲವೊಮ್ಮೆ ಮರ ಸಾಯುತ್ತೆ.

ಅದಕ್ಕಿಂತ ಮೊದಲು ಒಂದು ಪ್ರಶ್ನೆ ನಿಮಗೆ. ಸೊಪ್ಪು ಕಡಿಯುತ್ತೀರಾ? ಹೊಳಲ್ಕೆರೆ, ಹೊಸದುರ್ಗ ಕಡೆ ಅಡಿಕೆ ತೋಟಕ್ಕೆ ಹೊಂಗೆ ಸೊಪ್ಪು ಹಾಕುವುದು ವಾಡಿಕೆ. ನೀವು ಕಾಗದದಲ್ಲಿ ಅದನ್ನು ಬರೆದಿಲ್ಲ. ಪ್ರತಿ ವರ್ಷ ಮರ ಬೋಳಿಸುತ್ತಿದ್ದರೆ ಹೂ ಬರದೇ ಇರುವುದಕ್ಕೆ ಜೀನನ್ನು ಬೈಯಬೇಡಿ. ಬೋಳಿಸಿದ ಮರ ಮತ್ತೆ ಎಳೆ ರೆಂಬೆ ತರುವುದರಲ್ಲೇ ಇರುತ್ತೆ. ಕಾಂಡದ ಕೆಳಭಾಗದಿಂದ ಎದ್ದ ರೆಂಬೆಯಾದರೆ ಅದರಲ್ಲಿ ಎಳಸುತನವೂ ಜಾಸ್ತಿ. ಸೊಪ್ಪಿಗೆ ಅಂತ ಹತ್ತು ಹದಿನೈದು ಮರ ಬೇರೆ ಮಾಡಿ, ಉಳಿದವನ್ನು ಮುಟ್ಟಬೇಡಿ. ಹಾಗೇ ಬದುವಿನ ಪಕ್ಕ ಡ್ರಿಪ್ ಇದ್ದು, ಯೂರಿಯಾ ಸಿಗುತ್ತಿದ್ದರೆ ಆ ಸಾಲಿನ ಮರ ಎಲೆ ಬೆಳೆಸುತ್ತಲೇ ಕೂರಬಹುದು. ಹೊಂಗೆ ತನ್ನ ಬೇರಿನ ಗಂಟಿನಲ್ಲಿ ತಾನೇ ಸಾರಜನಕ ಹಿಡಿದುಕೊಳ್ಳುವ ಮರ, ಅದಕ್ಕೆ ನಿಮ್ಮ ಯೂರಿಯಾ ಬೇಡ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ, ಆಮೇಲೆ ಬೇಜಾರು ಆಗಬಾರದು. ಹೊಂಗೆ ಕಾಯಿ ಮರದಲ್ಲಿ ಹತ್ತು ಹನ್ನೊಂದು ತಿಂಗಳು ನೇತಾಡುತ್ತೆ. ಅಂದರೆ ಮುಂದಿನ ಹೂವಿಗೆ ತಯಾರಿ ನಡೆಯುವಾಗಲೂ ಹಿಂದಿನ ಕಾಯಿ ಹೊತ್ತೇ ಇರುತ್ತೆ. ಕಿತ್ತಳೆ ಜಾತಿಯ ಮರಗಳಲ್ಲಿ ಕಾಯಿ ಹೊತ್ತ ವರ್ಷ ಎಲೆಯಲ್ಲಿ ಎಫ್‌ಟಿ ಕುಸಿಯುತ್ತೆ ಅಂತ ಅಳೆದು ನೋಡಿದ್ದಾರೆ. ಮಾವು ಒಂದು ವರ್ಷ ಬಿಟ್ಟು ಒಂದು ವರ್ಷ ಬಿಡುವುದನ್ನು ನೀವೇ ನೋಡಿದ್ದೀರಿ. ಹೊಂಗೆಯಲ್ಲೂ ಈ ಏರಿಳಿತ ಇದೆ. ನಿಮ್ಮ ಹನ್ನೊಂದು ಮರ ಬರುವ ವರ್ಷ ಸುಮ್ನೆ ಕೂತರೆ ಹೆದರಬೇಡಿ.

ಈಗ ಆ ಹನ್ನೊಂದರ ಮಾತು. ಹೊಂಗೆಯಲ್ಲಿ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇದ್ದರೂ ಜೇನು ತರುವ ಬೇರೆ ಮರದ ಪರಾಗದಿಂದಲೇ ಹೆಚ್ಚಾಗಿ ಕಾಯಿ ಕಟ್ಟುತ್ತೆ. ಹಾಗಾಗಿ ಒಂದೇ ಮರದ ಬೀಜದಿಂದ ಎಬ್ಬಿಸಿದರೂ ಪ್ರತಿ ಸಸಿಯ ಅಪ್ಪ ಬೇರೆ ಇರಬಹುದು. 120 ಸಸಿ ಅಂದರೆ 120 ಥರದ ಜೀನ್ ಜೋಡಣೆ. ತಳ್ಳುವವನು ತಡೆಯುವವನ ಲೆಕ್ಕ ಪ್ರತಿ ಗಿಡದಲ್ಲೂ ಕೊಂಚ ಬೇರೆ. ಬೇಗ ಬಿಟ್ಟ ಹನ್ನೊಂದು ನಿಮ್ಮ ಹೊಲದಲ್ಲೇ ನಡೆದ ಆಯ್ಕೆಯ ಫಲಿತಾಂಶ. ಯಾವ ಪ್ರಯೋಗಶಾಲೆಯೂ ನಿಮ್ಮ ನೆಲಕ್ಕೆ, ನಿಮ್ಮ ಮಳೆಗೆ ಇದನ್ನು ಮಾಡಿಕೊಡಲ್ಲ. ಆದರೆ ಬೇಗ ಹೂ ಬಿಟ್ಟಿತು ಅಂತ ಮೆಚ್ಚಿಬಿಡಬೇಡಿ. ಆ ಹನ್ನೊಂದರಲ್ಲಿ ಕೆಲವು ಒಣ ಜಾಗದಲ್ಲಿ ಸೊರಗಿ, ಕಷ್ಟಕ್ಕೆ ಹೂ ಬಿಟ್ಟಿರಬಹುದು. ಒಳ್ಳೆ ಮೈಕಟ್ಟು ಇದ್ದು ಹೂ ಬಿಟ್ಟದ್ದು ಯಾವುದು, ಗೊಂಚಲಿನಲ್ಲಿ ಕಾಯಿ ನಿಂತದ್ದು ಎಷ್ಟು, ಕಾಯಿಯೊಳಗೆ ಬೀಜ ತುಂಬಿದೆಯಾ ಅಂತ ಎರಡು ಮೂರು ವರ್ಷ ನೋಡಿ. ಹೂವೆಲ್ಲ ಉದುರಿ ನೆಲ ಹಾಸಿ, ಮರದಲ್ಲಿ ನಾಲ್ಕು ಕಾಯಿ ಉಳಿಯುವ ಹೊಂಗೆಯೂ ಬೇಕಾದಷ್ಟಿವೆ.

ಬರುವ ಮಾಘದಿಂದ ಕೆಲಸ ಶುರು ಮಾಡಿ. ಹನ್ನೊಂದು ಮರಗಳಿಗೆ ಒಂದು ಬಣ್ಣ, ಮುಂದಿನ ಯುಗಾದಿಗೆ ಹೊಸದಾಗಿ ಬಿಟ್ಟವಕ್ಕೆ ಇನ್ನೊಂದು ಬಣ್ಣ ಬಳಿಯಿರಿ. ಎಂಟನೇ ವರ್ಷದ ಹೂವಿನ ಕಾಲ ಮುಗಿದ ಮೇಲೂ ಬಣ್ಣ ಬೀಳದ ಮರಗಳನ್ನು ಕೀಳದೆ, ಸೊಂಟದೆತ್ತರಕ್ಕೆ ಕತ್ತರಿಸಿ. ಚಿಗುರು ಎದ್ದು ಬೆರಳು ದಪ್ಪವಾದ ಮೇಲೆ ಎರಡು ಮೂರನ್ನು ಉಳಿಸಿಕೊಂಡು ಅವುಗಳ ಮೇಲೆ ಸೀಳು ಕಸಿ ಕಟ್ಟಿಸಿ. ಆರು ವರ್ಷದ ಬೇರು ಕೆಳಗೆ ಇರುವುದರಿಂದ ಕಡ್ಡಿ ಓಡಿ ಬೆಳೆಯುತ್ತೆ. ಕಡ್ಡಿ ತೆಗೆಯಬೇಕಾದ್ದು ಮರ ಎಲೆ ಉದುರಿಸಿ, ಮೊಗ್ಗು ಉಬ್ಬಿ, ಇನ್ನೂ ಚಿಗುರು ಒಡೆಯದ ಹೊತ್ತಿನಲ್ಲಿ. ಬಾವಿ ಪಕ್ಕದ ಅಜ್ಜನ ಮರದಿಂದ ತೆಗೆಯಿರಿ, ಆದರೆ ಅದೊಂದರಿಂದಲೇ ಬೇಡ. ಒಂದೇ ಮರದ ಕಡ್ಡಿ ನೂರು ಕಡೆ ಕೂರಿಸಿದರೆ ನೂರೂ ಒಂದೇ ಮರ ಇದ್ದ ಹಾಗೆ, ಪರಾಗ ಕೊಡುವವರು ಯಾರು? ಊರೊಳಗೆ, ಕೆರೆ ಏರಿ ಮೇಲೆ ಇರುವ ಒಳ್ಳೆ ಮರ ನಾಲ್ಕೈದು ಗುರುತು ಮಾಡಿ, ನಿಮ್ಮ ಹನ್ನೊಂದರಲ್ಲಿ ಗೆದ್ದವನ್ನೂ ಸೇರಿಸಿಕೊಂಡು ಬೆರೆಸಿ ಕಟ್ಟಿಸಿ. ಕಸಿ ಕೆಳಗಿನಿಂದ ಏಳುವ ಚಿಗುರನ್ನು ತಿಂಗಳಿಗೊಮ್ಮೆ ಚಿವುಟಿ. ಬಿಟ್ಟರೆ ಅದೇ ಮೇಲೆ ಬಂದು ಕಡ್ಡಿಯನ್ನು ನುಂಗುತ್ತೆ, ನಿಮಗೆ ಗೊತ್ತೂ ಆಗಲ್ಲ.

ಕಸಿ ಕಟ್ಟುವವರು ಸಿಗದಿದ್ದರೆ ಹಿರಿಯೂರು ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿ. ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ. ಎಫ್‌ಟಿ ಗೊತ್ತಿರುವ ಹುಡುಗಿ ಚಾಕು ಹಿಡಿಯುವುದನ್ನೂ ಕಲಿಯಲಿ. ಮತ್ತೆ, ಬೀಜಕ್ಕೆ ಅಂತ ಯಾರಾದರೂ ಸಿಮರೂಬಾ ಅನ್ನುವ ಇನ್ನೊಂದು ಎಣ್ಣೆ ಬೀಜದ ಮರದ ಸಸಿ ಕೊಟ್ಟರೆ ಒಂದು ವಿಷಯ ನೆನಪಿಡಿ: ಅದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡು ಮರ ಎಷ್ಟು ಹೂ ಬಿಟ್ಟರೂ ಕಾಯಿ ಬಿಡಲ್ಲ. ಸಸಿಯಲ್ಲಿ ಗಂಡು ಹೆಣ್ಣು ನೋಡಿ ಹೇಳೋಕಾಗಲ್ಲ, ಹೂ ಬಿಡುವ ತನಕ ಕಾಯಬೇಕು. ಹೊಂಗೆಯಲ್ಲಿ ಆ ತಾಪತ್ರಯವಾದರೂ ಇಲ್ಲ.